ಒಪ್ಪಿಗೆ ಪತ್ರದ ಸಹಿ

ಬೇರೆಯವರ ಮಕ್ಕಳನ್ನು ಅಪಾಯದ ಹತ್ತಿರಕ್ಕೆ ಕರೆದುಕೊಂಡು ಹೋಗುವ ಹಕ್ಕು ಅಧ್ಯಾಪಕನಿಗೆ ಉಂಟೇ? ಶಾಲೆಯ ಪ್ರವಾಸದಲ್ಲಿ ಕೊಡಗಿನ ಬರಪೊಳೆಯ ರಾಫ್ಟಿಂಗನ್ನೂ ಸೇರಿಸುವ ಮಾತು ಬಂದಾಗ ನಮ್ಮ ಪಿ.ಟಿ.ಎ. ಸಭೆಯಲ್ಲಿ ಈ ಪ್ರಶ್ನೆ ಎದ್ದಿತು. “ಈಜಲು ಬಾರದ ಮಕ್ಕಳನ್ನು ಆ ನೀರಿಗೆ ಇಳಿಸುದು ಯಾಕೆ ಮಾಷ್ಟ್ರೇ? ಎಂತಾದರೂ ಆದರೆ ಯಾರು ಹೊಣೆ?” ಎಂದರು ಒಬ್ಬ ತಂದೆ. “ಹೆತ್ತವರ ಸಹಿ ತೆಕ್ಕೊಂಡರೆ ಆಯ್ತಲ್ಲ” ಎಂದರು ಇನ್ನೊಬ್ಬರು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಎರಡನೆಯ ಮಾತು.

ಬರಪೊಳೆ ಕೊಡಗಿನ ಬೆಟ್ಟಗಳಿಂದ ಇಳಿದು ಕಣ್ಣೂರು ಜಿಲ್ಲೆಗೆ ಬಂದು ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಅದು ಬಂಡೆಗಳ ನಡುವೆ ನೊರೆಯೆಬ್ಬಿಸಿ ಓಡುವಾಗ ಅಲ್ಲಿ ರಬ್ಬರ್ ದೋಣಿ ಇಳಿಸುತ್ತಾರೆ. ಸಹಿ ಹಾಕುವ ತಾಯಿ ಆ ಹೊಳೆಯನ್ನು ನೋಡಿದವಳಲ್ಲ. “ಮಾಷ್ಟ್ರು ಇದ್ದಾರಲ್ಲ” ಎಂಬ ಧೈರ್ಯದಿಂದ ಸಹಿ ಹಾಕುತ್ತಾಳೆ. ಹಾಗಾದರೆ ಆ ಕಾಗದ ನಮ್ಮ ಹೊಣೆಯನ್ನು ಇಳಿಸುವುದಿಲ್ಲ, ಅವಳ ಪಾಲಿನದನ್ನೂ ನಮ್ಮ ಹೆಗಲಿಗೆ ಹಾಕುತ್ತದೆ.

2007ರ ಫೆಬ್ರವರಿಯಲ್ಲಿ ನಮ್ಮ ಕೇರಳದ ತಟ್ಟೇಕ್ಕಾಡಿನಲ್ಲಿ ಪ್ರವಾಸದ ದೋಣಿ ಮುಳುಗಿ 15 ಮಕ್ಕಳೂ 3 ಅಧ್ಯಾಪಕರೂ ತೀರಿಕೊಂಡರು. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. ಇವೆರಡೂ ರಾಫ್ಟಿಂಗ್ ಅಲ್ಲ. ತಟ್ಟೇಕ್ಕಾಡಿನಲ್ಲಿ ದೋಣಿಗೆ ಹೊರಲಾಗದಷ್ಟು ಜನರನ್ನು ಹತ್ತಿಸಿದ್ದರು. ಬಿಯಾಸ್‌ನಲ್ಲಿ ನೀರು ಬಿಡುವ ವಿಷಯ ನದಿಯಲ್ಲಿದ್ದ ಮಕ್ಕಳಿಗೆ ತಲುಪಲಿಲ್ಲ. ಎರಡೂ ಕಡೆ ನೋಡಿಕೊಳ್ಳಬೇಕಾದದ್ದು ದೊಡ್ಡವರೇ.

ಹಾಗಾದರೆ ಪ್ರವಾಸವೇ ಬೇಡವೇ? ಹಾಗೆಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ಮಕ್ಕಳು ಮನೆಯಲ್ಲೇ ಇದ್ದರೂ ನೀರು ಅವರನ್ನು ಬಿಡುವುದಿಲ್ಲ. ಮದಕ, ತೋಡು, ನೀರು ತುಂಬಿದ ಕೆಂಪುಕಲ್ಲಿನ ಕೋರೆ ಎಲ್ಲವೂ ಹಿತ್ತಿಲ ಆಚೆಗೇ ಉಂಟು. ಬೇಡ ಎಂದರೆ ಹೇಳದೆ ಹೋಗುತ್ತಾರೆ. ಅಲ್ಲಿ ಲೈಫ್ ಜಾಕೆಟ್ ಇಲ್ಲ, ಹೆಲ್ಮೆಟ್ ಇಲ್ಲ, ಕೂಗಿದರೆ ಕೇಳುವವರೂ ಇಲ್ಲ. ರಾಫ್ಟಿಂಗ್‌ನಲ್ಲಿ ಹೊಳೆಯ ಸೆಳೆತವನ್ನು 1ರಿಂದ 6ರವರೆಗೆ ದರ್ಜೆ ಮಾಡಿರುತ್ತಾರೆ. ಹಿಂದೆ ಕೂತ ಗೈಡ್ ಹೇಳಿದಾಗ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು, ನಿಲ್ಲಿಸು ಎಂದಾಗ ಒಟ್ಟಿಗೆ ನಿಲ್ಲಿಸಬೇಕು. ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲನ್ನು ಹರಿವಿನ ದಿಕ್ಕಿಗೆ ಚಾಚಬೇಕು. ಎದ್ದು ನಿಲ್ಲಲು ಹೋದರೆ ಕಾಲು ಕಲ್ಲಿನ ಸಂದಿಗೆ ಸಿಕ್ಕಿ ನೀರು ಮೇಲಿಂದ ಒತ್ತುತ್ತದೆ. ಇದನ್ನು ತಿಳಿದ ಮಗುವಿಗೆ ನಮ್ಮ ಊರಿನ ತೋಡಿನಲ್ಲೂ ಉಪಯೋಗ ಉಂಟು. ಅಪಾಯವೇ ಇಲ್ಲದ ಬಾಲ್ಯವನ್ನು ಕೊಡಲು ನಮ್ಮಿಂದ ಆಗದು. ಅಪಾಯವನ್ನು ದೊಡ್ಡವರ ಜೊತೆಗೆ ಕಲಿಯುವ ಅವಕಾಶ ಕೊಡಬಹುದು.

ಆದರೆ ಇಲ್ಲಿ ಇನ್ನೊಂದು ಒಪ್ಪಿಗೆಯೂ ಬೇಕು. ಅದನ್ನು ಯಾರೂ ಕೇಳುವುದಿಲ್ಲ. ಅದು ಮಗುವಿನದು. ತಂದೆ ಸಹಿ ಹಾಕಿದ್ದಾರೆ, ಹಣ ಕಟ್ಟಿಯಾಗಿದೆ, ಗೆಳೆಯರೆಲ್ಲ ದೋಣಿ ಹತ್ತಿದ್ದಾರೆ. ದಡದಲ್ಲಿ ನಿಂತ ಹುಡುಗಿ “ನನಗೆ ಹೆದರಿಕೆ ಆಗ್ತದೆ, ನಾನು ಬರುದಿಲ್ಲ” ಎಂದರೆ? “ಪುಕ್ಕಲಿ” ಎಂದು ಯಾರೋ ನಗುತ್ತಾರೆ. ನಾನು ನೋಡಿದಂತೆ, ಅಷ್ಟು ಜನರ ಎದುರು ಹಾಗೆ ಹೇಳಲು ದೋಣಿ ಹತ್ತುವುದಕ್ಕಿಂತ ಹೆಚ್ಚು ಗಟ್ಟಿ ಮನಸ್ಸು ಬೇಕು. ಅವಳ ಜೊತೆ ದಡದಲ್ಲಿ ಕೂರಲು ಒಬ್ಬ ಟೀಚರ್ ಮೊದಲೇ ನಿಗದಿಯಾಗಿರಬೇಕು. ಬಸ್ಸಿನಲ್ಲಿ ಯಾರೂ ಅವಳನ್ನು ಗೇಲಿ ಮಾಡದಂತೆ ನೋಡಿಕೊಳ್ಳುವುದೂ ಶಾಲೆಯ ಕೆಲಸ.

ಆದ್ದರಿಂದ ಮೊದಲ ಸಹಿ ಅಧ್ಯಾಪಕನದಾಗಬೇಕು ಎಂದು ನನ್ನ ಅಭಿಪ್ರಾಯ. ಅವನು ಮುಂಚೆ ಹೋಗಿ ಹೊಳೆ ನೋಡಿ ಬರಲಿ. ಯಾವ ದರ್ಜೆಯ ನೀರು, ಯಾವ ವಯಸ್ಸಿನ ಮಕ್ಕಳಿಗೆ ಬಿಡುತ್ತಾರೆ, ಮೇಲೆ ಮಳೆ ಬಂದರೆ ಎಂತ ಮಾಡುತ್ತಾರೆ ಎಂದು ಕೇಳಿ ಬಂದು ಹೆತ್ತವರಿಗೆ ಇದ್ದದ್ದು ಇದ್ದ ಹಾಗೆ ಹೇಳಲಿ. ಆ ದಿನ ನೀರು ಕೆಂಪಾಗಿ ಏರಿದ್ದರೆ, ಮಕ್ಕಳು ಮುಖ ಊದಿಸಿದರೂ, ಕಟ್ಟಿದ ಹಣ ಹೋದರೂ, “ಇವತ್ತು ಬೇಡ” ಎಂದು ಬಸ್ಸು ತಿರುಗಿಸುವ ಧೈರ್ಯ ಅವನಿಗೆ ಇರಬೇಕು. ಅಷ್ಟು ಧೈರ್ಯ ಇಲ್ಲದವನು ಹೆತ್ತವರ ಸಹಿ ಕೇಳಬಾರದು.