ಸಕ್ಕರೆ ಹೂವಿಗೆ ನ್ಯಾಯದ ಬೆಲೆ

ಮನೆಯಲ್ಲೇ ಕೇಕ್ ಮಾಡಿ ಮಾರುವ ಹೆಂಗಸರಿಗೆ ಚೆನ್ನಾಗಿ ಪರಿಚಯವಿರುವ ಮಾತೊಂದಿದೆ: “ಅಕ್ಕಾ, ಬೇಕರಿಯಲ್ಲಿ ಇಷ್ಟಾಗಲ್ಲ. ನೀವು ಮನೇಲೇ ಮಾಡ್ತೀರಿ, ಅಂಗಡಿ ಬಾಡಿಗೆನೂ ಇಲ್ಲ. ಸ್ವಲ್ಪ ನೋಡಿಕೊಂಡು ಹೇಳಿ.” ಹೀಗೆ ಕೇಳುವವರು ಕೆಟ್ಟವರೇನಲ್ಲ, ಮಗುವಿನ ಹುಟ್ಟುಹಬ್ಬ ಚೆನ್ನಾಗಿ ಆಗಬೇಕು, ಕೈಯಲ್ಲಿರುವ ಹಣವೂ ಸಾಲಬೇಕು, ಅಷ್ಟೆ. ಆದರೆ ಈ ಚೌಕಾಸಿಯ ಹಿಂದಿರುವುದು ಧರ್ಮಶಾಸ್ತ್ರಜ್ಞರೂ ತತ್ತ್ವಜ್ಞಾನಿಗಳೂ ಬಹುಕಾಲ ಜಗ್ಗಾಡಿದ ಪ್ರಶ್ನೆ. ಒಂದು ವಸ್ತುವಿಗೆ ನ್ಯಾಯವಾದ ಬೆಲೆ ಅಂತ ಇದೆಯೇ? ಇದ್ದರೆ ಅದನ್ನು ಹೇಳಬೇಕಾದವರು ಯಾರು?

ಹದಿಮೂರನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ತನ್ನ ‘ಸುಮ್ಮಾ ಥಿಯಾಲಜಿಯೇ’ ಗ್ರಂಥದಲ್ಲಿ ಇದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ವಸ್ತುವಿನ ಯೋಗ್ಯತೆಗಿಂತ ಹೆಚ್ಚಿಗೆ ಮಾರುವುದು ಅನ್ಯಾಯ, ಯೋಗ್ಯತೆಗಿಂತ ಕಡಿಮೆಗೆ ಕೊಳ್ಳುವುದೂ ಅಷ್ಟೇ ಅನ್ಯಾಯ ಎಂಬುದು ಅವನ ನಿಲುವು. ಮೊದಲರ್ಧವನ್ನು ಎಲ್ಲರೂ ಒಪ್ಪುತ್ತಾರೆ. ಎರಡನೆಯದು ಕೊಳ್ಳುವವರ ಕಿವಿಗೆ ಬೀಳುವುದೇ ಇಲ್ಲ.

ಅವನು ಮಾಡಿದ ಇನ್ನೊಂದು ವಿಂಗಡಣೆ ಕೇಕಿನ ಲೆಕ್ಕಕ್ಕೆ ಬಹಳ ಹತ್ತಿರ. ಮಾರುವವನಿಗೆ ಆ ವಸ್ತುವನ್ನು ಬಿಟ್ಟುಕೊಟ್ಟಿದ್ದರಿಂದ ನಷ್ಟವಾಗುವುದಾದರೆ ಅದನ್ನು ಬೆಲೆಗೆ ಸೇರಿಸಬಹುದು. ಆದರೆ ಕೊಳ್ಳುವವನಿಗೆ ತುಂಬಾ ಅಗತ್ಯವಿದೆ ಎನ್ನುವ ಒಂದೇ ಕಾರಣಕ್ಕೆ ಬೆಲೆ ಏರಿಸುವ ಹಾಗಿಲ್ಲ. ಏಕೆಂದರೆ ಆ ಅಗತ್ಯ ಮಾರುವವನ ಸೊತ್ತಲ್ಲ. ನಾಳೆ ಸಂಜೆಗೆ ಕೇಕ್ ಬೇಕೆಂದು ಇವತ್ತು ರಾತ್ರಿ ಫೋನ್ ಮಾಡುವ ತಾಯಿಯನ್ನು ನೆನೆಯಿರಿ. ಬೇಕರ್ ನಿದ್ದೆಗೆಟ್ಟು ಕೂರಬೇಕಾದರೆ ಆ ರಾತ್ರಿಗೆ ಹೆಚ್ಚಿಗೆ ಕೇಳುವುದರಲ್ಲಿ ತಪ್ಪಿಲ್ಲ. ತಾಯಿಯ ಗಾಬರಿಯನ್ನು ಕಂಡು ಹೆಚ್ಚಿಗೆ ಕೇಳಿದರೆ ತಪ್ಪು. ಕೈಗೆ ಬರುವ ಮೊತ್ತ ಎರಡರಲ್ಲೂ ಒಂದೇ ಇರಬಹುದು, ನ್ಯಾಯ ಮಾತ್ರ ಬೇರೆ.

ಊರೆಲ್ಲ ಒಪ್ಪಿದ ದರವೇ ನ್ಯಾಯದ ದರ ಎಂಬ ವಾದವೂ ಹಳೆಯದು. ರವೆಗೆ, ಸಕ್ಕರೆಗೆ ಅದು ಸರಿ. ದಸರಾ ಅಂಬಾರಿ ಹೊತ್ತ ಆನೆಯ ಆಕಾರದಲ್ಲಿ, ಮಗುವಿನ ಹೆಸರು ಬರೆದು ಮಾಡಿದ ಎರಡು ಕೆ.ಜಿ. ಕೇಕಿಗೆ ಊರಿನ ದರ ಎಲ್ಲಿಂದ ಬರಬೇಕು? ಅಂಥದ್ದು ಊರಲ್ಲಿ ಇನ್ನೊಂದಿಲ್ಲ. ಆರ್ಡರ್ ಕೊಟ್ಟವರು ಕೊನೇ ಗಳಿಗೆಯಲ್ಲಿ ಬೇಡವೆಂದರೆ ಬೇರೆಯವರಿಗೆ ಮಾರಲೂ ಆಗುವುದಿಲ್ಲ. ಮುಂಗಡ ಕೇಳುವುದು ಅಪನಂಬಿಕೆಯಿಂದಲ್ಲ, ಇದೇ ಕಾರಣಕ್ಕೆ.

ಒಂದು ಲೆಕ್ಕ ಹಾಕಿ ನೋಡೋಣ. ಬೆಣ್ಣೆ, ಮೊಟ್ಟೆ, ಕ್ರೀಮ್, ಚಾಕೊಲೇಟ್, ಫಾಂಡೆಂಟ್, ಬಣ್ಣ ಎಲ್ಲ ಸೇರಿ 900 ರೂಪಾಯಿ, ಬಾಕ್ಸು, ಬೋರ್ಡು, ಗ್ಯಾಸು, ಕರೆಂಟಿಗೆ 200 ಎಂದಿಟ್ಟುಕೊಳ್ಳಿ. ಸ್ಪಂಜ್ ಬೇಯಿಸಿ ಆರಿಸಬೇಕು, ಪದರ ಕತ್ತರಿಸಿ ಕ್ರೀಮ್ ತುಂಬಿ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಬೇಕು, ಫಾಂಡೆಂಟ್ ನಾದಿ ಹೊದಿಸಬೇಕು. ಸಕ್ಕರೆ ಹೂವುಗಳನ್ನು ಒಂದೊಂದೇ ಎಸಳಾಗಿ ಮೊದಲೇ ಮಾಡಿ ಒಣಗಿಸಿರಬೇಕು. ಕರಾವಳಿಯ ಮಳೆಗಾಲದಲ್ಲಾದರೆ ಅವು ಒಣಗುವುದೇ ನಿಧಾನ, ಫಾಂಡೆಂಟ್ ಬೆವರಿ ಅಂಟಾಗುತ್ತದೆ. ಎಲ್ಲ ಸೇರಿ ಒಂಬತ್ತು ಗಂಟೆಯ ಕೆಲಸ. ಕೇಕನ್ನು 1,500 ರೂಪಾಯಿಗೆ ಕೊಟ್ಟರೆ ಉಳಿಯುವುದು 400. ಗಂಟೆಗೆ 44 ರೂಪಾಯಿ. ಓವನ್ನಿನ ಸವಕಳಿ, ಹಾಳಾದ ಮೊದಲ ಸ್ಪಂಜು, ವಾಟ್ಸ್‌ಆ್ಯಪಿನಲ್ಲಿ ಡಿಸೈನ್ ಬಗ್ಗೆ ನಡೆದ ಮಾತುಕತೆಯ ಹೊತ್ತು ಇದರಲ್ಲಿ ಸೇರಿಲ್ಲ.

ಕೌಟಿಲ್ಯ ಲಾಭದ ವಿಷಯದಲ್ಲಿ ಕಟ್ಟುನಿಟ್ಟು. ಅವನ ‘ಅರ್ಥಶಾಸ್ತ್ರ’ ಸ್ವದೇಶಿ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಲಾಭವನ್ನಷ್ಟೇ ಒಪ್ಪುತ್ತದೆ, ಮೀರಿದರೆ ದಂಡ. ಆದರೆ ದೂರದಿಂದ ಬಂದ ಸರಕಿಗೆ ಬೆಲೆ ಕಟ್ಟುವಾಗ ಹಾಕಿದ ಬಂಡವಾಳ, ಸುಂಕ, ಬಡ್ಡಿ, ಬಾಡಿಗೆ, ಇತರ ಖರ್ಚುಗಳನ್ನೆಲ್ಲ ಎಣಿಸಬೇಕೆಂದೂ ಅವನು ಹೇಳುತ್ತಾನೆ. ಲಾಭಕ್ಕೆ ಮಿತಿ ಹಾಕಿದವನೇ ಖರ್ಚನ್ನು ಮರೆಯಬೇಡಿ ಅಂದಿದ್ದಾನೆ. ಅಕ್ವಿನಾಸನ ನಂತರದ ಪೀಳಿಗೆಯ ಡನ್ಸ್ ಸ್ಕೋಟಸ್ ಇನ್ನೂ ಮುಂದೆ ಹೋಗಿ, ವ್ಯಾಪಾರಿ ತನ್ನ ಸಂಸಾರದ ಪೋಷಣೆಗೆ, ತನ್ನ ಶ್ರಮಕ್ಕೆ, ತಾನು ಹೊತ್ತ ಅಪಾಯಕ್ಕೆ ತಕ್ಕಷ್ಟು ಪಡೆಯುವುದು ನ್ಯಾಯವೇ ಎಂದ.

ಇಷ್ಟೆಲ್ಲ ಸ್ಪಷ್ಟವಿದ್ದರೂ ಕೇಕ್ ಮಾಡುವವಳ ಬಾಯಲ್ಲಿ ಬೆಲೆ ಏಕೆ ಹೊರಡುವುದಿಲ್ಲ? ಅಡುಗೆಮನೆಯಲ್ಲಿ ಹೆಂಗಸು ಮಾಡುವ ಕೆಲಸಕ್ಕೆ ದುಡ್ಡು ಕಟ್ಟಿ ರೂಢಿಯೇ ಇಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಅದಕ್ಕಾಗಿ ವ್ಯಯಿಸುವುದು 289 ನಿಮಿಷ. ಗಂಡಸರು 88 ನಿಮಿಷ. 1989ರ ಜಮ್‌ಶೆಡ್‌ಪುರದ ಬೆಂಕಿ ದುರಂತದ ಪರಿಹಾರ ನಿಗದಿ ಮಾಡುವಾಗ, 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯರ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿಯ ಅಂದಾಜು ಹಾಕಿತು. ಆ ಲೆಕ್ಕ ಹಾಕಿದ್ದು ಅವರು ತೀರಿಹೋದ ಮೇಲೆ. ಬದುಕಿರುವವಳು ತನ್ನ ಗಂಟೆಗೆ ತಾನೇ ಬೆಲೆ ಹೇಳಿದರೆ ಮಾತ್ರ ‘ದುಡ್ಡಿನಾಸೆ’ ಎನ್ನಿಸುವುದು ನೋವಿನ ಸಂಗತಿ.

ದುಡ್ಡಿನಾಸೆಯ ಮಾತು ಬಂದರೆ ಕನ್ನಡಿಗರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ನಮಗೆ ಬೇಕಾದ್ದಕ್ಕಿಂತ ಮಿಗಿಲಾದದ್ದನ್ನು ಅಲ್ಲೇ ಸುರಿದು ಬಾ ಎಂದು ಅವಳು ಅವನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ‘ಕಡಿಮೆಗೆ ತೃಪ್ತಿಪಡು’ ಎಂಬ ಬುದ್ಧಿವಾದವಾಗಿ ಹೇಳುವವರಿದ್ದಾರೆ. ಆದರೆ ಕಾಯಕ ಮರೆತು ಮಾತಿನಲ್ಲಿ ಮೈಮರೆತಿದ್ದ ಗಂಡನನ್ನು ಎಬ್ಬಿಸಿ ಕೆಲಸಕ್ಕೆ ಅಟ್ಟಿದವಳೂ ಅವಳೇ. ಆ ದಂಪತಿ ದಾಸೋಹ ನಡೆಸಿದ್ದು ಸ್ವಂತ ಕಾಯಕದಿಂದ ಬಂದ ಅಕ್ಕಿಯಲ್ಲಿ. ಲಕ್ಕಮ್ಮನ ಅಳತೆಗೆ ಎರಡು ಬದಿಯಿದೆ: ಅಗತ್ಯಕ್ಕಿಂತ ಹೆಚ್ಚು ಬೇಡ, ಕಾಯಕದ ಪಾಲು ಬಿಡಬೇಡ. ಕೈಗೆ ಬಾರದ ಕೂಲಿಯಿಂದ ದಾಸೋಹ ಮಾಡಲಾಗದು.

ಹಾಗಾದರೆ ಮುಲಾಜಿಗೆ ಇಳಿಸಿದ ಬೆಲೆ ದಾನವೇ? ಅಲ್ಲ. ಕೊಟ್ಟವಳು ಮನಸ್ಸಿನಲ್ಲಿ ನೊಂದಿರುತ್ತಾಳೆ, ಪಡೆದವರಿಗೆ ತಾವು ಏನಾದರೂ ಪಡೆದೆವೆಂಬುದೇ ಗೊತ್ತಿರುವುದಿಲ್ಲ. ಅದರ ಪೆಟ್ಟು ಮೂರನೆಯವಳೊಬ್ಬಳಿಗೂ ಬೀಳುತ್ತದೆ. ಗಂಡನ ಸಂಬಳವಿರುವ ಮನೆಯಲ್ಲಿ ಹವ್ಯಾಸಕ್ಕೆ 1,200 ರೂಪಾಯಿಗೆ ಕೊಟ್ಟ ಕೇಕ್, ಅದೇ ಬೀದಿಯಲ್ಲಿ ಕೇಕಿನ ದುಡ್ಡಿನಿಂದ ಮನೆ ಬಾಡಿಗೆ, ಮಕ್ಕಳ ಶಾಲೆ ಫೀಸು ಕಟ್ಟುವವಳ ದರವನ್ನೂ ಕೆಳಗೆಳೆಯುತ್ತದೆ. ಹವ್ಯಾಸದವಳ ಉದಾರತೆಯನ್ನು ಅನುಮಾನಿಸಬೇಕಿಲ್ಲ. ಅದರ ಖರ್ಚು ಬೇರೆಯವಳ ಜೇಬಿನಿಂದ ಹೋಗಬಾರದು, ಅಷ್ಟೆ.

ಅದಕ್ಕೇ ಪೂರ್ತಿ ಬೆಲೆಯನ್ನು ಬಿಲ್ಲಿನಲ್ಲಿ ಬರೆದು, ಬಿಟ್ಟಿದ್ದನ್ನು ಅದರ ಕೆಳಗೇ ತೋರಿಸುವ ಪದ್ಧತಿ ಒಳ್ಳೆಯದು. ಮನೆಗೆಲಸದವರ ಮಗಳ ಹುಟ್ಟುಹಬ್ಬಕ್ಕೆ ದುಡ್ಡೇ ತೆಗೆದುಕೊಳ್ಳದಿದ್ದರೂ ಅದು ಕಾಣಿಕೆಯೆಂದು ಎರಡೂ ಕಡೆಗೆ ಗೊತ್ತಿರುತ್ತದೆ. ಉಳಿದ ಗಿರಾಕಿಗಳಲ್ಲಿ ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಇಳಿಸಬೇಕಾದದ್ದು ಕೂಲಿಯಲ್ಲ, ಕೆಲಸ. “ಬಜೆಟ್ ಎಷ್ಟಿದೆ ಹೇಳಿ” ಎಂದು ಮೊದಲೇ ಕೇಳಿಬಿಟ್ಟರೆ ಫಾಂಡೆಂಟ್ ಆನೆಯ ಬದಲು ನಳಿಕೆಯಲ್ಲಿ ಬಿಡಿಸಿದ ಬಟರ್‌ಕ್ರೀಮ್ ಗುಲಾಬಿ, ಎರಡಂತಸ್ತಿನ ಬದಲು ಒಂದಂತಸ್ತು, ಒಂಬತ್ತು ಗಂಟೆಯ ಬದಲು ಮೂರು ಗಂಟೆಯ ಕೇಕ್ ಮಾಡಿಕೊಡಬಹುದು. ಮಗುವಿನ ಹೆಸರು ಅದರ ಮೇಲೂ ಇರುತ್ತದೆ.