ತನ್ನ ಬೆನ್ನು ತನಗೆ ಕಾಣದು

ಪುಣ್ಯಕ್ಷೇತ್ರದ ಬೆಟ್ಟ ಹತ್ತುವವರಲ್ಲಿ ಹರಕೆ ಹೊತ್ತವರು ಬಹಳ. ಮಗುವಾಗಲೆಂದು ಬಂದವರು, ಕಾಯಿಲೆ ವಾಸಿಯಾಗಲೆಂದು ಬಂದವರು, ಮಗಳ ಮದುವೆಗಾಗಿ ಬಂದವರು. ಅವರ ನಡುವೆ ಕುಡಿತ ಬಿಡಬೇಕೆಂದು ಬಂದವನೂ ಒಬ್ಬ ಇರುತ್ತಾನೆ. ಹೆಂಡತಿ ಮಕ್ಕಳ ಜೊತೆ ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ಮೇಣದ ಬತ್ತಿ ಹಚ್ಚಿ, "ಇವತ್ತಿಗೆ ಮುಗೀತು ಸ್ವಾಮಿ, ಇನ್ನು ಸಾಯೋವರೆಗೂ ಮುಟ್ಟೋದಿಲ್ಲ" ಎಂದು ಕಣ್ಣೀರು ಹಾಕುತ್ತಾನೆ. ಬೆಟ್ಟ ಇಳಿದು ತಿಂಗಳೂ ಆಗಿರುವುದಿಲ್ಲ, ಸಂಬಳದ ದಿನ ಸಂಜೆ ಗೆಳೆಯನೊಬ್ಬ ಹೆಗಲ ಮೇಲೆ ಕೈ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು. ಮರುವರ್ಷ ಹಬ್ಬಕ್ಕೆ ಹೆಂಡತಿ ಕರೆದರೆ, "ಯಾವ ಮುಖ ಇಟ್ಕೊಂಡು ಬರಲಿ? ನನ್ನ ಮಾತಿಗೆ ಬೆಲೆ ಇಲ್ಲ, ನೀವು ಹೋಗಿ ಬನ್ನಿ" ಎಂದು ಮನೆಯಲ್ಲೇ ಉಳಿಯುತ್ತಾನೆ.

ಹಾಗಾದರೆ ಹೋದ ವರ್ಷ ಅವನು ದೇವರ ಮುಂದೆ ಸುಳ್ಳು ಹೇಳಿದನೇ? ಇಲ್ಲ. ಹೇಳುವಾಗ ಅದು ನಿಜವೇ ಆಗಿತ್ತು. ಆದರೆ ತನ್ನೊಳಗೆ ಇನ್ನೂ ಏನೇನು ಅಡಗಿದೆ ಎಂಬುದು ಅವನಿಗೇ ತಿಳಿದಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಹೇಳುವುದು ಇದನ್ನೇ. ಊರಿನವರ ಗುಣದೋಷಗಳನ್ನೆಲ್ಲ ಎಣಿಸಿ ಹೇಳಬಲ್ಲ ಮನುಷ್ಯನಿಗೆ, ನಾಳೆ ಸಂಜೆ ತಾನು ಹೇಗೆ ನಡೆದುಕೊಳ್ಳುತ್ತೇನೆಂದು ಹೇಳಲು ಬರುವುದಿಲ್ಲ.

ಈ ಸಂಕಟ ಸಂತ ಪೇತ್ರರಿಗೆ ಚೆನ್ನಾಗಿ ಗೊತ್ತಿತ್ತು. ಕಡೆಯ ಭೋಜನದ ರಾತ್ರಿ ಅವರು, ಉಳಿದವರೆಲ್ಲ ಬಿಟ್ಟು ಹೋದರೂ ತಾನು ಬಿಡುವುದಿಲ್ಲ, ಸೆರೆಮನೆಗೂ ಸಾವಿಗೂ ಸಿದ್ಧ ಎಂದು ಪ್ರಭು ಯೇಸುವಿಗೆ ಮಾತು ಕೊಟ್ಟರು. ಅದು ಬರೀ ಬಾಯಿಮಾತಲ್ಲ. ಕೆಲವೇ ಗಂಟೆಗಳಲ್ಲಿ, ಆಯುಧ ಹಿಡಿದು ಬಂದ ಗುಂಪಿನ ಎದುರು ಕತ್ತಿ ಹಿರಿದು, ಪ್ರಧಾನ ಯಾಜಕನ ಆಳಾದ ಮಾಲ್ಕನ ಬಲಗಿವಿಯನ್ನು ಕತ್ತರಿಸಿದವರು ಅವರೇ. ಹೇಡಿಯಾದವನು ಅಷ್ಟು ಮಾಡುವುದಿಲ್ಲ. ಆದರೆ ಅದೇ ರಾತ್ರಿ ಪ್ರಧಾನ ಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದಾಗ, ಸೇವಕಿಯೊಬ್ಬಳು ಗುರುತು ಹಿಡಿದು ಆಡಿದ ಒಂದು ಮಾತಿಗೆ ಅವರ ಧೈರ್ಯ ಕರಗಿಹೋಯಿತು. ಕೋಳಿ ಕೂಗುವ ಮೊದಲು ಮೂರು ಸಲ ಪ್ರಭುವಿನ ಪರಿಚಯವೇ ಇಲ್ಲವೆಂದರು. ಕತ್ತಿಗೆ ಹೆದರದವರು ಮಾತಿಗೆ ಹೆದರಿದರು. ತನ್ನಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಪ್ರಭುವಿಗೆ. ಲೂಕರ ಶುಭಸಂದೇಶದ 22ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಇದು ಕಾಣುತ್ತದೆ. ಪೇತ್ರರ ಸೋಲನ್ನು ಮುಂತಿಳಿಸುವುದಕ್ಕೂ ಮೊದಲೇ ಪ್ರಭು, ಅವರ ವಿಶ್ವಾಸ ಕುಂದದಿರಲೆಂದು ತಾವು ಪ್ರಾರ್ಥಿಸಿರುವುದನ್ನು ಹೇಳಿದರು. ತಿರುಗಿ ಬಂದ ಮೇಲೆ ಸೋದರರಿಗೆ ಬಲ ತುಂಬಬೇಕೆಂದೂ ಹೇಳಿದರು. ಪೇತ್ರರಿಗೆ ತಾನು ಬೀಳುವುದು ಗೊತ್ತಿರಲಿಲ್ಲ, ಬಿದ್ದ ಮೇಲೆ ಏಳುವುದೂ ಗೊತ್ತಿರಲಿಲ್ಲ. ಪ್ರಭುವಿಗೆ ಎರಡೂ ಗೊತ್ತಿತ್ತು. ಸಮಾಧಾನ ಇರುವುದು ಇಲ್ಲಿಯೇ. ಮನುಷ್ಯ ತನ್ನೊಳಗಿನ ಕೆಟ್ಟದ್ದನ್ನು ಹೇಗೆ ಪೂರ್ತಿ ಅರಿಯನೋ, ದೇವರು ತನ್ನಿಂದ ಮಾಡಿಸಬಹುದಾದ ಒಳ್ಳೆಯದನ್ನೂ ಹಾಗೆಯೇ ಅರಿಯ. "ನಾನು ಬೀಳೋದೇ ಇಲ್ಲ" ಎನ್ನುವುದು ಎಷ್ಟು ತಪ್ಪೋ, "ನಾನು ಏಳೋದೇ ಇಲ್ಲ" ಎನ್ನುವುದೂ ಅಷ್ಟೇ ತಪ್ಪು. ಎರಡರಲ್ಲೂ ತನ್ನ ಲೆಕ್ಕವೇ ಕಡೆಯ ಲೆಕ್ಕ ಎಂಬ ಹಮ್ಮಿದೆ.

ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಮತ್ತೊಂದು ಕೆಂಡದ ಬೆಂಕಿ. ಅಲ್ಲಿ ಪ್ರಭು ಹಳೆಯದನ್ನು ಕೆದಕಲಿಲ್ಲ. ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿದರು. ಪೇತ್ರರು ಈ ಸಲ ಆಣೆ ಇಡಲಿಲ್ಲ, ಉಳಿದವರಿಗಿಂತ ತಾನು ಮೇಲು ಎನ್ನಲಿಲ್ಲ. ಎಲ್ಲವನ್ನೂ ಬಲ್ಲ ಪ್ರಭುವಿಗೆ ತನ್ನ ಪ್ರೀತಿಯೂ ತಿಳಿದಿದೆ ಎಂದಷ್ಟೇ ಹೇಳಿದರು. ಹಿಂದಿನ ಮಾತಿನಲ್ಲಿ "ನಾನು" ಮುಂದಿತ್ತು, ಈಗ "ನೀವು" ಮುಂದೆ ಬಂತು. ಅಂಥವರ ಕೈಗೇ ಪ್ರಭು ತಮ್ಮ ಕುರಿಗಳನ್ನು ಒಪ್ಪಿಸಿದರು. ಮುಂದೆ ನೀರೊ ಚಕ್ರವರ್ತಿಯ ಕಾಲದಲ್ಲಿ ಪೇತ್ರರು ರೋಮಿನಲ್ಲಿ ಪ್ರಾಣ ಕೊಟ್ಟರೆಂಬುದು ಧರ್ಮಸಭೆಯ ಪರಂಪರೆ. ಅಂಗಳದಲ್ಲಿ ಮುರಿದುಬಿದ್ದ ಮಾತನ್ನು ಪ್ರಭುವೇ ಕೊನೆಗೆ ಉಳಿಸಿಕೊಟ್ಟರು.

ಹಾಗೆಂದು ದೇವರು ನಡೆಸುತ್ತಾರೆಂದು ನಂಬುವುದೆಂದರೆ, ಮನಸ್ಸಿಗೆ ಬಂದದ್ದಕ್ಕೆಲ್ಲ "ದೇವರೇ ಹೇಳಿದ್ರು" ಎನ್ನುವುದಲ್ಲ. ತನ್ನ ಮನಸ್ಸನ್ನೇ ಪೂರ್ತಿ ತಿಳಿಯದವನು ತನ್ನ ಆಸೆಯನ್ನೇ ದೇವರ ದನಿ ಎಂದುಕೊಳ್ಳಬಹುದು. ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್ ಇದಕ್ಕೆ ದಾರಿ ತೋರಿಸುತ್ತಾರೆ. 1651ರಲ್ಲಿ ಗೋವೆಯಲ್ಲಿ ಹುಟ್ಟಿದ ಅವರ ಮನಸ್ಸು, ಗುರುಗಳಿಲ್ಲದೆ ಸೊರಗಿದ್ದ ಸಿಲೋನಿನ ಕ್ರೈಸ್ತರ ಕಡೆಗಿತ್ತು. ಆಸೆ ಒಳ್ಳೆಯದೇ. ಆದರೂ 1681ರಲ್ಲಿ ಮೇಲಿನವರು ಕೆನರಾಕ್ಕೆ ಕಳಿಸಿದಾಗ ವಿಧೇಯರಾಗಿ ಬಂದರು. 1687ರಲ್ಲಷ್ಟೇ, ಕ್ಯಾಥೋಲಿಕ್ ಗುರುಗಳನ್ನು ನಿಷೇಧಿಸಿದ್ದ ಡಚ್ಚರ ಕಣ್ಣು ತಪ್ಪಿಸಿ, ಬಡವನ ವೇಷದಲ್ಲಿ ಸಿಲೋನು ಮುಟ್ಟಿದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಅನುಮಾನಕ್ಕೆ ಸೆರೆಯನ್ನೂ ಕಂಡರು. 1711ರಲ್ಲಿ ಅಲ್ಲೇ ಕಣ್ಣು ಮುಚ್ಚಿದ ಅವರನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸಂತರೆಂದು ಘೋಷಿಸಿದರು. ಆಸೆ ದೇವರದೇ ಆಗಿದ್ದರೆ ಅದು ಕಾಯಬಲ್ಲದು, ಬೇರೆಯವರ ಮಾತನ್ನೂ ಕೇಳಬಲ್ಲದು.

ಮನೆಯಲ್ಲೇ ಉಳಿದ ಆ ಯಾತ್ರಿಕನಿಗೆ ಬೇಕಾದದ್ದೂ ಇದೇ. ಅವನು ಮತ್ತೆ ಬೆಟ್ಟ ಹತ್ತಬೇಕು. ಪಾಪನಿವೇದನೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಬೇಕು. ಊರಿಗೆ ಹೋದ ಮೇಲೆ ಡಾಕ್ಟರ ಹತ್ತಿರವೂ ಹೋಗಬೇಕು, ಸಂಬಳವನ್ನು ಹೆಂಡತಿ ಕೈಗೆ ಕೊಡಬೇಕು, ಅಂಗಡಿಯಿರುವ ಬೀದಿ ಬಿಟ್ಟು ಸುತ್ತು ಹಾದಿಯಲ್ಲಿ ಮನೆಗೆ ಬರಬೇಕು. ಇದು ದೇವರ ಮೇಲಿನ ಅಪನಂಬಿಕೆಯಲ್ಲ. ತನ್ನ ಬೆನ್ನು ತನಗೆ ಕಾಣದೆಂದು ಒಪ್ಪಿಕೊಂಡು, ಅದನ್ನು ಕಾಣುವವರ ಕೈ ಹಿಡಿಯುವುದು.

ಬೆಟ್ಟ ಇಳಿಯುವ ಮುನ್ನ ಅವನು ಹೀಗೆ ಪ್ರಾರ್ಥಿಸಲಿ: ಪ್ರಭುವೇ, ಹೋದ ವರ್ಷ ದೊಡ್ಡ ಮಾತು ಕೊಟ್ಟೆ, ಉಳಿಸಿಕೊಳ್ಳಲಿಲ್ಲ. ನಾಳೆಯ ನನ್ನನ್ನು ನಾನು ಅರಿಯೆ, ನೀವು ಅರಿತಿದ್ದೀರಿ. ಇವತ್ತಿನ ಒಂದು ದಿನ ಕೈ ಬಿಡಬೇಡಿ. ನಾಳೆ ಮತ್ತೆ ಬಂದು ಕೇಳುತ್ತೇನೆ. ಆಮೆನ್.