ಮರೆ ಯಾರಿಗೆ, ಬೆಳಕು ಯಾರಿಗೆ?

2018ನೆಯ ಇಸವಿ ಏಪ್ರಿಲ್ 10ನೆಯ ತಾರೀಖು ಅಮೆರಿಕದ ಸೆನೆಟ್ ಸಮಿತಿಗಳ ಮುಂದೆ ಫೇಸ್‌ಬುಕ್ ಕಂಪನಿಯ ಸ್ಥಾಪಕರಾದ ಮಾರ್ಕ್ ಜುಕರ್‌ಬರ್ಗ್ ಅವರು ವಿಚಾರಣೆಗೆ ಕುಳಿತಿದ್ದರು. ಡಿಕ್ ಡರ್ಬಿನ್ ಎಂಬ ಸದಸ್ಯರು ಅವರನ್ನು ಒಂದು ಸಣ್ಣ ಪ್ರಶ್ನೆ ಕೇಳಿದರು: ಕಳೆದ ರಾತ್ರಿ ತಾವು ತಂಗಿದ್ದ ಹೋಟೆಲಿನ ಹೆಸರನ್ನು ಇಲ್ಲಿ ಹೇಳುವುದಕ್ಕೆ ತಮ್ಮ ಮನಸ್ಸು ಒಪ್ಪುವುದೇ? ಜುಕರ್‌ಬರ್ಗ್ ಅವರು ತುಸು ತಡವರಿಸಿ, ಇಲ್ಲವೆಂದರು. ಈ ವಾರ ಯಾರುಯಾರಿಗೆ ಸಂದೇಶ ಕಳುಹಿಸಿದಿರಿ ಎಂಬ ಪ್ರಶ್ನೆಗೂ ಅದೇ ಬಗೆಯ ಉತ್ತರವೇ ಬಂದಿತು. ಸಭೆಯಲ್ಲಿ ನಗು ಹಬ್ಬಿತು.

ನಕ್ಕವರು ನಕ್ಕರು, ಆದರೆ ಆ ಉತ್ತರವು ತಪ್ಪಾದುದಲ್ಲ. ದೊರೆಯಾಗಲಿ ತಿರುಕನಾಗಲಿ, ರಾತ್ರಿ ಎಲ್ಲಿ ಮಲಗಿದನೆಂಬುದು ಅವನವನ ಸಂಗತಿ. ವಿಚಾರ ಮಾಡಬೇಕಾದುದು ಬೇರೆ. ತನಗೆ ಇಷ್ಟು ಸಹಜವಾಗಿ ಬೇಕೆನಿಸಿದ ಮರೆಯನ್ನು ಆ ಪುರುಷರ ವ್ಯಾಪಾರವು ಪರರಿಗೆ ಎಷ್ಟು ಉಳಿಸಿತ್ತು? ಸುಮಾರು 2,70,000 ಮಂದಿ ಒಂದು ಪ್ರಶ್ನಾವಳಿಗೆ ಉತ್ತರ ಕೊಟ್ಟ ಮಾತ್ರದಿಂದ, ಅವರ ಸ್ನೇಹಿತರೂ ಸೇರಿ 8 ಕೋಟಿ 70 ಲಕ್ಷ ಮಂದಿಯವರೆಗೆ ಜನರ ವಿವರಗಳು ಚುನಾವಣೆಗಳಲ್ಲಿ ಕೆಲಸ ಮಾಡುವ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಕೈಸೇರಿರಬಹುದೆಂದು ಕಂಪನಿಯೇ ಒಪ್ಪಿಕೊಂಡಿತ್ತು. ಗೆಳೆಯನು ಬಾಗಿಲು ತೆರೆದನೆಂದು ನೆರೆಮನೆಯವರ ಪೆಟ್ಟಿಗೆಯನ್ನೂ ಶೋಧಿಸಿದಂತಾಯಿತು. ಜನರಲ್ಲಿ ಗುಟ್ಟಿನ ವಿಷಯವಾದ ಹಳೆಯ ಮರ್ಯಾದೆ ಈಗ ಬದಲಾಗಿದೆಯೆಂದು 2010ರಲ್ಲಿ ಹೇಳಿದವರೂ ಇದೇ ಮಹನೀಯರು. 2013ರಲ್ಲಿ ತಮ್ಮ ಮನೆಯ ಸುತ್ತಣ ನಾಲ್ಕು ಮನೆಗಳನ್ನು ಕೊಂಡು ತಮ್ಮ ಏಕಾಂತಕ್ಕೆ ಬೇಲಿ ಹಾಕಿಕೊಂಡವರೂ ಇವರೇ. ಮರೆಯ ಬೆಲೆ ಏನೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ.

ಇಷ್ಟು ಕೇಳಿಯೂ ಅನೇಕ ಗೃಹಸ್ಥರು, "ನಾವೇನು ಕಳ್ಳರೇ? ಬಚ್ಚಿಡುವುದಕ್ಕೆ ನಮ್ಮಲ್ಲಿ ಏನಿದೆ?" ಎನ್ನುವುದುಂಟು. ಮಾತು ಸಜ್ಜನರದು, ಆದರೆ ಯೋಚಿಸಿ ಆಡಿದುದಲ್ಲ. ಹಾಗೆನ್ನುವವರೂ ಸ್ನಾನದ ಮನೆಯ ಚಿಲಕವನ್ನು ಹಾಕಿಕೊಳ್ಳುತ್ತಾರೆ. ಮಗಳ ಸಂಬಂಧ ಕುದುರುವವರೆಗೆ ವರನ ಊರಿನ ಹೆಸರನ್ನು ಹೊರಗೆ ಬಿಡುವುದಿಲ್ಲ. ಮನೆಯ ಮೇಲಿನ ಸಾಲ, ಹಿರಿಯರ ಕಾಯಿಲೆ, ಅಣ್ಣತಮ್ಮಂದಿರ ಮನಸ್ತಾಪ, ಇವು ಯಾವುವೂ ಅಪರಾಧಗಳಲ್ಲ. ಆದರೂ ಸಂತೆಯಲ್ಲಿ ಸಾರತಕ್ಕವೂ ಅಲ್ಲ. ಪಾಪವನ್ನು ಮುಚ್ಚುವ ಗುಟ್ಟು ಒಂದು, ಮಾನವನ್ನು ಕಾಯುವ ಗುಟ್ಟು ಮತ್ತೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಲಾಭವಾಗುವುದು ತಕ್ಕಡಿ ಹಿಡಿದವನಿಗೆ.

ಹಾಗಾದರೆ ಮರೆಯೇ ಒಳ್ಳೆಯದು, ಬೆಳಕು ಕೆಟ್ಟದ್ದು ಎನ್ನೋಣವೇ? ಅದೂ ಸಲ್ಲದು. ಲೂಯಿ ಬ್ರಾಂಡೀಸ್ ಎಂಬ ಅಮೆರಿಕದ ನ್ಯಾಯವಾದಿಗಳ ಬರಹಗಳನ್ನು ಈ ಸಂದರ್ಭದಲ್ಲಿ ನೆನೆಯುವುದು ಯುಕ್ತ. ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುವ ಕ್ಯಾಮರಾ ಆಗ ಹೊಸದು. ಪತ್ರಿಕೆಗಳು ಮನೆಮನೆಯ ಮಾತನ್ನು ಮಾರಾಟದ ಸರಕಾಗಿ ಮಾಡಿಕೊಂಡಿದ್ದುವು. ಆ 1890ರಲ್ಲಿ ಅವರು ಸ್ಯಾಮ್ಯುಯೆಲ್ ವಾರನ್ ಎಂಬವರೊಡನೆ ಕೂಡಿ, ಮನುಷ್ಯನಿಗೆ ತನ್ನ ಪಾಡಿಗೆ ತಾನಿರುವ ಹಕ್ಕುಂಟೆಂದು ಪ್ರತಿಪಾದಿಸಿದರು. ಅದೇ ಬ್ರಾಂಡೀಸರು 1913ರಲ್ಲಿ ಪರರ ಹಣವನ್ನು ಆಳುತ್ತಿದ್ದ ದೊಡ್ಡ ಬ್ಯಾಂಕುಗಳವರ ವಿಷಯದಲ್ಲಿ ಬರೆಯುವಾಗ, ಬಹಿರಂಗವೇ ಈ ರೋಗಕ್ಕೆ ಮದ್ದೆಂದೂ, ಅವರು ಪಡೆಯುವ ಕಮಿಷನ್ನಿನ ಮೊತ್ತ ಹಣ ಹೂಡುವವನಿಗೆ ತಿಳಿಯಬೇಕೆಂದೂ ವಾದಿಸಿದರು. ಇದು ಮಾತು ಬದಲಿಸಿದಂತೆ ತೋರಬಹುದು. ವಾಸ್ತವವಾಗಿ ಎರಡೂ ಒಂದೇ ಮಾತು. ಮನೆಯೊಳಗಿರುವವನಿಗೆ ಮರೆ ಬೇಕು. ಪರರ ಬಾಳನ್ನು ತಿರುಗಿಸುವ ಅಧಿಕಾರ ಹಿಡಿದವನು ಆ ಅಧಿಕಾರದಿಂದ ಮಾಡುವ ಕೆಲಸದ ಮೇಲೆ ಬೆಳಕು ಬೀಳಬೇಕು.

ಇಂದಿನ ಕಂಪನಿಗಳ ರೀತಿ ಇದಕ್ಕೆ ನೇರ ವಿರುದ್ಧ. ಯಾವಳೋ ಒಬ್ಬ ಹುಡುಗಿ ಎಷ್ಟು ಹೊತ್ತಿಗೆ ಎದ್ದಳು, ಯಾವ ಚಿತ್ರವನ್ನು ಎಷ್ಟು ಹೊತ್ತು ನೋಡಿದಳು ಎಂಬುದು ಅವುಗಳಿಗೆ ತಿಳಿದಿರುತ್ತದೆ. ಆ ಚಿತ್ರವನ್ನೇ ಅವಳ ಮುಂದೆ ಏಕೆ ಹಿಡಿದರೆಂದು ಅವಳು ಕೇಳಿದರೆ, ಅದು ವ್ಯಾಪಾರದ ಗುಟ್ಟು! ಇನ್‌ಸ್ಟಾಗ್ರಾಮಿನಿಂದ ಕೆಲವು ಹದಿವಯಸ್ಸಿನ ಬಾಲೆಯರಿಗೆ ತಮ್ಮ ದೇಹದ ವಿಷಯದಲ್ಲಿ ಕೀಳರಿಮೆ ಹೆಚ್ಚುತ್ತದೆಂದು ಫೇಸ್‌ಬುಕ್ಕಿನ ಒಳಗಿನ ಪರಿಶೀಲನೆಯೇ ಕಂಡುಕೊಂಡಿತ್ತು. ಅದು ಲೋಕಕ್ಕೆ ತಿಳಿದದ್ದು 2021ರಲ್ಲಿ, ಅಲ್ಲಿ ಕೆಲಸದಲ್ಲಿದ್ದ ಫ್ರಾನ್ಸಿಸ್ ಹಾಗೆನ್ ಎಂಬ ಮಹಿಳೆ ಕಾಗದಪತ್ರಗಳನ್ನು ಹೊರಗೆ ತಂದುದರಿಂದ. ಜನರ ವಿವರಗಳನ್ನು ಕಾಯುವುದರಲ್ಲಿ ಮಾತು ತಪ್ಪಿದ್ದಕ್ಕಾಗಿ 2019ರಲ್ಲಿ ಅಮೆರಿಕದ ಸರ್ಕಾರ ಆ ಕಂಪನಿಗೆ ವಿಧಿಸಿದ ದಂಡ 500 ಕೋಟಿ ಡಾಲರು. ಕೇಳುವುದಕ್ಕೆ ಭಾರಿ ಮೊತ್ತವೇ. ಆದರೆ ಕಂಪನಿಯ ಹಿಂದಿನ ವರ್ಷದ ಹುಟ್ಟುವಳಿಯಲ್ಲಿ ಅದು ಹನ್ನೊಂದರಲ್ಲಿ ಒಂದು ಪಾಲೂ ಆಗಲಿಲ್ಲ. ಇಂಥಲ್ಲಿ ಜನರು ಸಂಶಯಪಟ್ಟರೆ ಅದನ್ನು ಅಜ್ಞಾನವೆನ್ನಲಾಗದು. ಲೆಕ್ಕ ತೋರಿಸದ ಪಾರುಪತ್ಯಗಾರನನ್ನು ನಂಬದಿರುವುದು ಗೃಹಸ್ಥನ ಸಾಮಾನ್ಯ ವಿವೇಕ.

ನಮ್ಮ ದೇಶದಲ್ಲಿ ಈ ಹಕ್ಕಿನ ಹೆಸರಿನೊಡನೆ ಕರ್ನಾಟಕದ ಒಬ್ಬ ಹಿರಿಯರ ಹೆಸರು ಸೇರಿಕೊಂಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಏಕಾಂತವು ಪ್ರಜೆಯ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ಪರವಾಗಿ ವಾದ ನಡೆಯಿತು. 2017ನೆಯ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಅದು ಮೂಲಭೂತ ಹಕ್ಕೇ ಹೌದೆಂದರು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು. ಖಾಸಗಿ ಕಂಪನಿಗಳು ಅದನ್ನು ಕೇಳಲು ಅವಕಾಶ ಕೊಟ್ಟಿದ್ದ ವಿಧಿ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಮತ್ತೊಂದು ಸಂಗತಿ ನಡೆದಿತ್ತು. ಪ್ರಜೆಗಳ ವಿವರಗಳನ್ನು ರಕ್ಷಿಸುವುದಕ್ಕೆಂದು 2023ರಲ್ಲಿ ಮಾಡಿದ ಕಾನೂನು, ಹಾದಿಯಲ್ಲಿ ಹೋಗುತ್ತ 2005ರ ಮಾಹಿತಿ ಹಕ್ಕಿನ ಕಾನೂನನ್ನೂ ತಿದ್ದಿತು. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದಿದ್ದರೆ, ಅಥವಾ ಕೊಡುವುದರಿಂದ ಯಾರ ಏಕಾಂತಕ್ಕಾದರೂ ಅಕಾರಣವಾಗಿ ಭಂಗ ಬರುವಂತಿದ್ದರೆ, ವೈಯಕ್ತಿಕ ವಿವರವನ್ನು ನಿರಾಕರಿಸಬಹುದೆಂದು ಹಳೆಯ ವಿಧಿಯಲ್ಲಿತ್ತು. ಈಗ 'ವೈಯಕ್ತಿಕ' ಎಂಬ ಒಂದು ಮಾತೇ ನಿರಾಕರಣೆಗೆ ಸಾಕು. ಸಾರ್ವಜನಿಕ ಹಿತವು ಮೇಲಾಗಿ ಕಂಡರೆ ಕೊಡಬಹುದೆಂಬ ಬೇರೊಂದು ಉಪವಿಧಿ ಉಳಿದೇ ಇದೆಯೆಂಬುದು ಸರ್ಕಾರದ ಸಮಾಧಾನ. ಇದೆ, ನಿಜ, ಆದರೆ ಹಾಗೆ ಕಾಣಬೇಕಾದುದು ಕಾಗದವನ್ನು ಕೈಯಲ್ಲಿ ಹಿಡಿದ ಕಚೇರಿಯ ಕಣ್ಣಿಗೆ.

ಆ ಮಾಹಿತಿ ಹಕ್ಕು ಹುಟ್ಟಿದ್ದು ಪಂಡಿತರ ಗೋಷ್ಠಿಯಲ್ಲಲ್ಲ. 1994ನೆಯ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಕೂಲಿಕಾರರು ಸಭೆ ಸೇರಿ, ಸರ್ಕಾರಿ ಕಾಮಗಾರಿಗಳ ಲೆಕ್ಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ ಕೇಳಿದರು. ಅಂಥ ಸಭೆಗಳು ಮುಂದೆ ಊರೂರಿಗೆ ಹಬ್ಬಿದುವು. ದುಡಿಯದವರ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಿಯೂ ಕೂಲಿ ಬಟವಾಡೆಯಾದುದು ಹೊರಬಿದ್ದದ್ದು ಹಾಗೆ. ಓದಿದ್ದು ಹಾಜರಿ ಪಟ್ಟಿಯನ್ನು. ಅದರಲ್ಲಿದ್ದುದು ಬರಿಯ ಹೆಸರುಗಳು, ಅವರವರ ದಿನಗಳು, ಅವರವರ ಹೆಬ್ಬೆಟ್ಟಿನ ಗುರುತುಗಳು. ಇಂದು ಯಾವನಾದರೂ ಕೂಲಿಕಾರನು ಅಂಥದೊಂದು ಪಟ್ಟಿಯ ನಕಲಿಗೆ ಅರ್ಜಿ ಹಾಕಿದರೆ, ಇವು ವೈಯಕ್ತಿಕ ವಿವರಗಳೆಂದು ಬರೆದು ಅದನ್ನು ಹಿಂತಿರುಗಿಸುವುದಕ್ಕೆ ಗುಮಾಸ್ತನಿಗೆ ಒಂದೇ ಸಾಲು ಸಾಕಾಗುತ್ತದೆ.